ನಡುರಾತ್ರಿಯ ಸೂರ್ಯನೆಡೆಗೆ ನೂರು ನಿಮಿಷ

ಟ್ರೊಮ್ಸೊದಿಂದ ಲಾಂಗ್‌ಇಯರ್‌ಬೀನ್‌ಗೆ 957 ಕಿಲೋಮೀಟರ್. ಜೆಟ್ ವಿಮಾನಕ್ಕೆ ಹೆಚ್ಚೆಂದರೆ ನೂರು ನಿಮಿಷ. ಇದೇ ದಾರಿಗೆ ಹೊರಟ ಧ್ರುವಯಾತ್ರಿ ಅಮುಂಡ್‌ಸೆನ್ ಹಿಂದಿರುಗಲಿಲ್ಲ. ಇಂದು ಅಲ್ಲಿನ ಬಸುರಿಯರು, ನಮ್ಮ ವಿಜ್ಞಾನಿಗಳು, ನಮ್ಮ ರಾಗಿ–ಜೋಳದ ಬೀಜಗಳು ಎಲ್ಲವೂ ನೆಚ್ಚಿಕೊಂಡಿರುವುದು ಆ ದಾರಿಯ ತುದಿಯ ಒಂದೇ ಒಂದು ರನ್‌ವೇಯನ್ನು. ಆ ರನ್‌ವೇ ಕೆಳಗಿನ ಹೆಪ್ಪುನೆಲ ಈಗ ಕರಗತೊಡಗಿದೆ.

ಮೇ ತಿಂಗಳ ಎರಡನೆಯ ವಾರ. ಉತ್ತರ ನಾರ್ವೆಯ ಟ್ರೊಮ್ಸೊದಲ್ಲಿ ರಾತ್ರಿ ಹನ್ನೆರಡೂವರೆ. ಸೂರ್ಯ ಮುಳುಗಿದ್ದಾನೆ, ಆದರೆ ದೂರ ಹೋಗಿಲ್ಲ. ದಿಗಂತದಿಂದ ಎರಡು ಡಿಗ್ರಿ ಚಿಲ್ಲರೆ ಕೆಳಗಿದ್ದಾನಷ್ಟೆ. ಕಡಲಿನ ಕಾಲುವೆಗಳ ಮೇಲೆ ನೀಲಿ ಬೆಳಕು. ಸುತ್ತಲ ಬೆಟ್ಟಗಳ ನೆತ್ತಿಯಲ್ಲಿ ಇನ್ನೂ ಹಿಮ.

ಈ ಹೊತ್ತಿನಲ್ಲಿ ಇಲ್ಲಿಂದ ಉತ್ತರಕ್ಕೆ ಹಾರುವ ವಿಮಾನದಲ್ಲಿ ಕುಳಿತರೆ ಸೂರ್ಯೋದಯ ಎದುರಿಗೇ ನಡೆಯುತ್ತದೆ, ಅದೂ ಉತ್ತರ ದಿಕ್ಕಿನಲ್ಲಿ. ವಿಮಾನ ಹನ್ನೊಂದು ಕಿಲೋಮೀಟರ್ ಮೇಲೇರಿದರೆ ದಿಗಂತವೇ ಮೂರು ಡಿಗ್ರಿಗೂ ಹೆಚ್ಚು ಕೆಳಗೆ ಜಾರುತ್ತದೆ. ನೆಲದಲ್ಲಿ ನಿಂತವರಿಗೆ ಮುಳುಗಿದ ಸೂರ್ಯ ಮೇಲಿದ್ದವರಿಗೆ ಕಾಣಿಸಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಪ್ರತಿ ನೂರಹನ್ನೊಂದು ಕಿಲೋಮೀಟರಿಗೆ ಒಂದೊಂದು ಡಿಗ್ರಿ ಮೇಲೇರುತ್ತ ಹೋಗುತ್ತಾನೆ. ಲಾಂಗ್‌ಇಯರ್‌ಬೀನ್‌ನಲ್ಲಿ ಇಳಿಯುವಾಗ ಮೈಮೇಲೆ ಹಗಲು. ಏಪ್ರಿಲ್ 20ರ ಸುಮಾರಿಗೆ ಮೇಲೆದ್ದ ಸೂರ್ಯ ಆಗಸ್ಟ್ ಕೊನೆಯ ವಾರದವರೆಗೆ ಅಲ್ಲಿ ಮುಳುಗುವುದೇ ಇಲ್ಲ.

ಅಕ್ಟೋಬರ್ ಕೊನೆಯಲ್ಲಿ ಇದೇ ಪ್ರಯಾಣ ತಿರುವುಮುರುವು. ಹಗಲಿನಲ್ಲಿ ಹೊರಟು ನೂರು ನಿಮಿಷಗಳಲ್ಲಿ, ಫೆಬ್ರುವರಿ ಮಧ್ಯದವರೆಗೆ ಮುಗಿಯದ ಇರುಳಿಗೆ ಇಳಿಯುತ್ತೀರಿ. ಭೂಮಿಯ ವಾಲಿದ ಅಕ್ಷವನ್ನು ಶಾಲೆಯ ಗೋಳದಲ್ಲಿ ಕಂಡವರು ಬಹಳ ಜನ. ಅದನ್ನು ಒಂದೇ ಹಾರಾಟದಲ್ಲಿ, ಕಿಟಕಿಯಾಚೆಗೆ, ಹೀಗೆ ನಿಚ್ಚಳವಾಗಿ ತೋರಿಸುವ ವಿಮಾನ ಮಾರ್ಗಗಳು ಜಗತ್ತಿನಲ್ಲಿ ಬಹಳ ಇಲ್ಲ.

ಟ್ರೊಮ್ಸೊ ಇರುವುದು ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಒಳಗೆ. ಲಾಂಗ್‌ಇಯರ್‌ಬೀನ್ ಇರುವುದು ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ, 78 ಡಿಗ್ರಿ ಉತ್ತರ ಅಕ್ಷಾಂಶದಾಚೆ. ಸಾರ್ವಜನಿಕರಿಗಾಗಿ ನಿಗದಿತ ವೇಳೆಯ ವಿಮಾನಗಳು ಓಡಾಡುವ ನಿಲ್ದಾಣಗಳಲ್ಲಿ ಜಗತ್ತಿನ ಉತ್ತರದ ತುದಿ ಇದೇ. ಇಲ್ಲಿಂದ ಉತ್ತರ ಧ್ರುವಕ್ಕೆ ಉಳಿಯುವುದು 1,300 ಕಿ.ಮೀ. ಅಷ್ಟೆ.

957 ಹೇಗೆ ನೂರು ನಿಮಿಷವಾಗುತ್ತದೆ?

ಲೆಕ್ಕ ಸರಳವಾಗಿದೆ. ಬೋಯಿಂಗ್ 737ರಂಥ ವಿಮಾನ ಮೇಲೇರಿದ ಮೇಲೆ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿ ಹಾರುತ್ತದೆ. ಆ ವೇಗವೇ ಉದ್ದಕ್ಕೂ ಸಿಕ್ಕಿದ್ದರೆ 69 ನಿಮಿಷ ಸಾಕಿತ್ತು. ರನ್‌ವೇವರೆಗಿನ ಓಟ, ಏರುವಿಕೆ, ಇಳಿಯುವ ಮುನ್ನ ಬೆಟ್ಟಗಳ ನಡುವೆ ತಿರುಗಿ ಸಾಲು ಹಿಡಿಯುವುದು ಎಲ್ಲ ಸೇರಿ ವೇಳಾಪಟ್ಟಿಯಲ್ಲಿ ಅದು 95ರಿಂದ 100 ನಿಮಿಷವಾಗುತ್ತದೆ. ಗಂಟೆಗೆ ನೂರು ಕಿಲೋಮೀಟರಿನ ಎದುರುಗಾಳಿ ಸಿಕ್ಕರೆ ಇನ್ನೂ ಹತ್ತು ನಿಮಿಷ ಸೇರಿಸಿಕೊಳ್ಳಿ.

ಆದರೆ ಈ ದಾರಿಯಲ್ಲಿ ಪೈಲಟ್‌ಗಳು ಮೊದಲು ಕೇಳುವ ಪ್ರಶ್ನೆ ಬೇರೆ: ಇಳಿಯಲಾಗದಿದ್ದರೆ ಎಲ್ಲಿಗೆ ಹೋಗುವುದು? ಕೆಳಗೆ ಬ್ಯಾರೆಂಟ್ಸ್ ಮತ್ತು ನಾರ್ವೇಜಿಯನ್ ಸಮುದ್ರಗಳು ಕೂಡುವ ಜಾಗ. ಅರ್ಧ ದಾರಿ ಕಳೆದ ಮೇಲೆ ಪೂರ್ವಕ್ಕೆ ಕರಡಿ ದ್ವೀಪವೆಂಬ ಒಂಟಿ ನೆಲ, ಅದರ ಮೇಲೊಂದು ಹವಾಮಾನ ಕೇಂದ್ರ. ಜೆಟ್ ಇಳಿಯುವ ಜಾಗ ಅದಲ್ಲ. ಲಾಂಗ್‌ಇಯರ್‌ಬೀನ್‌ನಲ್ಲಿ ಮಂಜು ಕವಿದರೆ ಬಂದ ದಾರಿಯಲ್ಲೇ ಮುಖ್ಯಭೂಮಿಗೆ ಮರಳಬೇಕು. ಹೀಗೆ ಕೊನೆಯ ಗಳಿಗೆಯಲ್ಲಿ ಹಿಂದಿರುಗುವುದು ಇಲ್ಲಿಯವರಿಗೆ ಗೊತ್ತಿರುವ ಸಂಗತಿ.

ಹಿಮದ ಮೇಲಿಂದ ಬೀಸುವ ಕೊರೆಗಾಳಿ ಅಟ್ಲಾಂಟಿಕ್‌ನಿಂದ ಹರಿದುಬಂದ ಬೆಚ್ಚನೆಯ ನೀರಿನ ಮೇಲೆ ಹಾದಾಗ ಇಲ್ಲಿ ಚಿಕ್ಕ, ಆದರೆ ಉಗ್ರವಾದ ಚಂಡಮಾರುತಗಳು ಹುಟ್ಟುತ್ತವೆ. ಹವಾಮಾನ ತಜ್ಞರು ಇವನ್ನು ‘ಪೋಲಾರ್ ಲೋ’ ಎನ್ನುತ್ತಾರೆ. ಕೆಲವೇ ಗಂಟೆಗಳಲ್ಲಿ ಮೈದಳೆದು ದಿನ ಕಳೆಯುವುದರೊಳಗೆ ಕರಗಿಹೋಗುವ ಇವುಗಳನ್ನು ಮುಂಚಿತವಾಗಿ ಗುರುತಿಸುವುದು ಉಪಗ್ರಹಗಳ ಕಾಲದಲ್ಲೂ ಕಷ್ಟದ ಕೆಲಸ.

> ಭೂಪಟದ ಮೋಸ
>
> ಗೋಡೆಗೆ ತೂಗುಹಾಕುವ ಮರ್ಕೇಟರ್ ಭೂಪಟದಲ್ಲಿ ಸ್ವಾಲ್ಬಾರ್ಡ್ ದೈತ್ಯಾಕಾರದ್ದು. ಸಮಭಾಜಕ ವೃತ್ತಕ್ಕೆ ಹೋಲಿಸಿದರೆ ಅಲ್ಲಿ ಅಳತೆ ಸುಮಾರು ಐದು ಪಟ್ಟು ಹಿಗ್ಗಿರುತ್ತದೆ.
>
> ಸಮಭಾಜಕದಲ್ಲಿ ಒಂದು ರೇಖಾಂಶದಿಂದ ಇನ್ನೊಂದಕ್ಕೆ 111 ಕಿ.ಮೀ. ಲಾಂಗ್‌ಇಯರ್‌ಬೀನ್‌ನಲ್ಲಿ ಬರೇ 23 ಕಿ.ಮೀ.
>
> ಆದ್ದರಿಂದ ವಿಮಾನದ ದೂರವನ್ನು ಗೋಳದ ಮೇಲೆ ಅಳೆಯಬೇಕು. ಟ್ರೊಮ್ಸೊದಿಂದ ಹೊರಟ ದಾರಿ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ. ಪಶ್ಚಿಮಕ್ಕೆ ತುಸು ವಾಲಿದೆ, ಅಷ್ಟೆ. ಓಸ್ಲೊದಿಂದಾದರೆ ಲಾಂಗ್‌ಇಯರ್‌ಬೀನ್‌ಗೆ ಸುಮಾರು 2,010 ಕಿ.ಮೀ.

ನೂರು ವರ್ಷದ ಹಿಂದೆ

2026ರ ಮೇ 12ಕ್ಕೆ ಈ ಆಕಾಶದ ಚರಿತ್ರೆಯಲ್ಲಿ ಒಂದು ಶತಮಾನ. 1926ರಲ್ಲಿ ಸ್ವಾಲ್ಬಾರ್ಡ್‌ನ ನೀ-ಓಲೆಸುಂಡ್ ಎಂಬ ಗಣಿಹಳ್ಳಿಯಿಂದ ‘ನೋರ್ಗೆ’ ಎಂಬ ವಾಯುನೌಕೆ ಮೇಲೇರಿತು. ಅದರಲ್ಲಿದ್ದವರು ಹದಿನಾರು ಜನ. ನಾರ್ವೆಯ ರೊವಾಲ್ಡ್ ಅಮುಂಡ್‌ಸೆನ್, ಅಮೆರಿಕದ ಲಿಂಕನ್ ಎಲ್ಸ್‌ವರ್ತ್, ನೌಕೆಯನ್ನು ವಿನ್ಯಾಸ ಮಾಡಿ ನಡೆಸಿದ ಇಟಲಿಯ ಉಂಬರ್ಟೊ ನೊಬಿಲೆ ಅವರಲ್ಲಿ ಮುಖ್ಯರು. ಮೇ 12ರಂದು ಉತ್ತರ ಧ್ರುವದ ಮೇಲೆ ಹಾದು, ಮೂರು ದಿನಗಳಷ್ಟು ಹಾರಿ, ಅಲಾಸ್ಕದ ಟೆಲ್ಲರ್‌ನಲ್ಲಿ ಇಳಿದರು. ದಕ್ಷಿಣ ಧ್ರುವವನ್ನು 1911ರಲ್ಲಿ ಮೊದಲು ಮುಟ್ಟಿದ್ದ ಅಮುಂಡ್‌ಸೆನ್ ಈಗ ಎರಡೂ ಧ್ರುವ ಕಂಡವರಾದರು.

ಗೆಲುವು ಹಂಚಿಕೊಳ್ಳುವಾಗ ಮನಸ್ಸುಗಳು ಒಡೆದವು. ಕೀರ್ತಿ ಯಾರದೆಂಬ ಜಗಳದಲ್ಲಿ ಅಮುಂಡ್‌ಸೆನ್ ಮತ್ತು ನೊಬಿಲೆ ಮುಖ ಕೊಟ್ಟು ಮಾತಾಡದಂತಾದರು.

1928ರ ಮೇ 25ರಂದು ನೊಬಿಲೆಯ ಇನ್ನೊಂದು ವಾಯುನೌಕೆ ‘ಇಟಾಲಿಯಾ’ ಧ್ರುವದಿಂದ ಮರಳುವಾಗ ಸ್ವಾಲ್ಬಾರ್ಡ್‌ನ ಈಶಾನ್ಯಕ್ಕೆ ಹಿಮದ ಮೇಲೆ ಅಪ್ಪಳಿಸಿತು. ಸುದ್ದಿ ಬಂದಾಗ ಅಮುಂಡ್‌ಸೆನ್‌ಗೆ ಐವತ್ತೈದು ವರ್ಷ. ಜಗಳವನ್ನು ಬದಿಗಿಟ್ಟು ಹುಡುಕಲು ಹೊರಟರು. ಫ್ರಾನ್ಸ್ ಕೊಟ್ಟ ‘ಲಥಾಂ 47’ ಎಂಬ ನೀರಮೇಲಿಳಿವ ವಿಮಾನದಲ್ಲಿ ಜೂನ್ 18ರ ಸಂಜೆ ನಾಲ್ಕರ ಸುಮಾರಿಗೆ ಟ್ರೊಮ್ಸೊದಿಂದ ಮೇಲೇರಿದರು. ಪೈಲಟ್ ರೆನೆ ಗಿಲ್ಬೊ. ಅಮುಂಡ್‌ಸೆನ್‌ರ ಹಳೆಯ ಸಂಗಾತಿ ಲೇಫ್ ಡೀಟ್ರಿಕ್‌ಸನ್ ಸೇರಿ ಒಟ್ಟು ಆರು ಮಂದಿ. ಗುರಿ ಸ್ವಾಲ್ಬಾರ್ಡ್.

ಮೂರು ಗಂಟೆ ತುಂಬುವ ಮೊದಲೇ ರೇಡಿಯೊ ನಿಂತಿತು. ಆಗಸ್ಟ್ 31ರಂದು ಟ್ರೊಮ್ಸೊ ಕರಾವಳಿಯಲ್ಲಿ ಮೀನುದೋಣಿಯೊಂದಕ್ಕೆ ಆ ವಿಮಾನದ ಒಂದು ತೇಲುಬುರುಡೆ ಸಿಕ್ಕಿತು. ವಿಮಾನ ಸಿಕ್ಕಿಲ್ಲ, ಆರು ಮಂದಿಯ ದೇಹಗಳು ಸಿಕ್ಕಿಲ್ಲ. ಈ ಶತಮಾನದಲ್ಲೂ ನಾರ್ವೆಯ ನೌಕಾಪಡೆ ಸಮುದ್ರದ ತಳ ಜಾಲಾಡಿ ಬರಿಗೈಯಲ್ಲಿ ಬಂದಿದೆ. ಇತ್ತ ನೊಬಿಲೆಯನ್ನು ಜೂನ್ 24ರಂದು ಸ್ವೀಡನ್ನಿನ ಪೈಲಟ್ ಎತ್ತಿಕೊಂಡು ಬಂದ. ಉಳಿದವರನ್ನು ಜುಲೈ 12ರಂದು ಸೋವಿಯತ್ ಹಿಮಭೇದಕ ಹಡಗು ‘ಕ್ರಾಸಿನ್’ ರಕ್ಷಿಸಿತು.

ಇಂದಿನ ವಿಮಾನ ಆ ನೀರಿನ ಮೇಲೆಯೇ ಹಾದುಹೋಗುತ್ತದೆ. ಟ್ರೊಮ್ಸೊ ಬಿಟ್ಟ ಮೊದಲ ಕಾಲು ಗಂಟೆಯಲ್ಲಿ ಚಹಾ ಬರುವ ಹೊತ್ತಿಗೆ ಕೆಳಗೆ ಕಾಣುವ ಕಡಲು ಅದು. ಧ್ರುವಯಾತ್ರೆಗಳ ಕಥೆಗಳಲ್ಲಿ ನಾನು ಬಹುವಾಗಿ ಗೌರವಿಸುವುದು ಈ ಕೊನೆಯ ಹಾರಾಟವನ್ನೇ. ಧ್ರುವ ಮುಟ್ಟಲು ಹೋಗುವವರಿಗೆ ಹೆಸರಿನ ಆಸೆ ಇರುತ್ತದೆ. ಇಲ್ಲಿ ಅಮುಂಡ್‌ಸೆನ್ ಹೊರಟದ್ದು ತಮಗೆ ಆಗದವನ ಪ್ರಾಣಕ್ಕಾಗಿ.

ಹಿಮದ ಮೇಲೆ ಅಂಚೆ

ಲಾಂಗ್‌ಇಯರ್‌ಬೀನ್ ಕಲ್ಲಿದ್ದಲಿಗಾಗಿ ಹುಟ್ಟಿದ ಊರು. 1906ರಲ್ಲಿ ಅಮೆರಿಕದ ಉದ್ಯಮಿ ಜಾನ್ ಮನ್ರೊ ಲಾಂಗ್‌ಇಯರ್ ಕಟ್ಟಿದ್ದು. ಐದು ದಶಕ ಕಳೆದರೂ ಚಳಿಗಾಲ ಬಂತೆಂದರೆ ಊರಿಗೆ ಬೀಗ ಬೀಳುತ್ತಿತ್ತು. ಶರತ್ಕಾಲದ ಕೊನೆಯ ಹಡಗು ಹೋದ ಮೇಲೆ ವಸಂತದಲ್ಲಿ ಹಿಮ ಒಡೆಯುವವರೆಗೆ ಯಾರೂ ಬರುವಂತಿಲ್ಲ, ಯಾರೂ ಹೋಗುವಂತಿಲ್ಲ. ಅಂಚೆಯ ಚೀಲಗಳನ್ನು ಮಿಲಿಟರಿ ವಿಮಾನಗಳು ಮೇಲಿಂದ ಉದುರಿಸಿ ಹೋಗುತ್ತಿದ್ದವು.

1959ರಲ್ಲಿ ಊರಿನ ಪಕ್ಕದ ಅಡ್ವೆಂಟ್ ಕಣಿವೆಯ ಹೆಪ್ಪುಗಟ್ಟಿದ ಬಯಲಿನಲ್ಲಿ ವಿಮಾನಗಳು ಇಳಿಯತೊಡಗಿದವು. ಇಳಿದದ್ದು ಚಳಿಗಾಲದಲ್ಲಿ ಮಾತ್ರ. ಬೇಸಿಗೆಯಲ್ಲಿ ಅದೇ ಬಯಲು ಕೆಸರಾಗುತ್ತಿತ್ತು. ಲೋಕದ ಹಲವೆಡೆ ಹಿಮ ಬಿದ್ದರೆ ವಿಮಾನ ನಿಲ್ಲುತ್ತದೆ. ಇಲ್ಲಿ ಹಿಮ ಗಟ್ಟಿಯಾದ ಮೇಲೆಯೇ ವಿಮಾನ ಬರುತ್ತಿತ್ತು.

ಹಾಗಾದರೆ ಪಕ್ಕಾ ರನ್‌ವೇ ಏಕೆ ಕಟ್ಟಲಿಲ್ಲ? ಅಡ್ಡಿಯಾದದ್ದು ಶೀತಲ ಸಮರ. 1920ರ ಪ್ಯಾರಿಸ್ ಒಪ್ಪಂದದ ಪ್ರಕಾರ ಸ್ವಾಲ್ಬಾರ್ಡ್ ನಾರ್ವೆಯದ್ದು, ಆದರೆ ಅಲ್ಲಿ ಯುದ್ಧಕ್ಕೆ ಬಳಸುವ ನೆಲೆ ಕಟ್ಟುವಂತಿಲ್ಲ. ಸಹಿ ಹಾಕಿದ ದೇಶಗಳ ಪ್ರಜೆಗಳಿಗೆಲ್ಲ ದುಡಿಯುವ ಸಮಾನ ಹಕ್ಕಿದೆ. ಸೋವಿಯತ್ ಒಕ್ಕೂಟ ಅಲ್ಲೇ ಬ್ಯಾರೆಂಟ್ಸ್‌ಬರ್ಗ್, ಪಿರಮಿಡೆನ್ ಎಂಬ ಗಣಿಪಟ್ಟಣಗಳನ್ನು ನಡೆಸುತ್ತಿತ್ತು. ನ್ಯಾಟೊ ದೇಶವೊಂದು ಅಲ್ಲಿ ರನ್‌ವೇ ಕಟ್ಟುವುದನ್ನು ಮಾಸ್ಕೊ ಸಂಶಯದಿಂದ ನೋಡಿತು. ಕೊನೆಗೆ 1971ರ ಹೊತ್ತಿಗೆ ರಾಜಿಯಾಯಿತು. ನಿಲ್ದಾಣ ನಾಗರಿಕರದ್ದು, ಏರೋಫ್ಲೋಟ್‌ನ ಸಿಬ್ಬಂದಿಗೂ ಅಲ್ಲಿ ಜಾಗ. 1975ರ ಸೆಪ್ಟೆಂಬರ್ 2ರಂದು ದೊರೆ ಐದನೇ ಓಲಾವ್ ನಿಲ್ದಾಣವನ್ನು ಉದ್ಘಾಟಿಸಿದರು. ಹನ್ನೆರಡೂ ತಿಂಗಳ ವಿಮಾನ ಸಂಚಾರ ಅಂದಿನಿಂದ.

ಈ ದ್ವೀಪದ ಬಾಳಿನಲ್ಲಿ ಕಲ್ಲಿದ್ದಲಿಗಿಂತ ದೊಡ್ಡ ಬದಲಾವಣೆ ತಂದದ್ದು ಆ ರನ್‌ವೇ. ಗಣಿಗಾರರ ಊರು ಕುಟುಂಬಗಳ ಊರಾಯಿತು, ವಿಶ್ವವಿದ್ಯಾಲಯದ ಕೇಂದ್ರ ಬಂತು, ಪ್ರವಾಸಿಗರು ಬಂದರು. ಇಂದು ಸುಮಾರು ಎರಡೂವರೆ ಸಾವಿರ ಜನ, ಐವತ್ತಕ್ಕೂ ಹೆಚ್ಚು ದೇಶದವರು. ನಾರ್ವೆಯವರು ನಡೆಸುತ್ತಿದ್ದ ಕೊನೆಯ ಗಣಿ 2025ರಲ್ಲಿ ಮುಚ್ಚಿತು. ರನ್‌ವೇ ಉಳಿಯಿತು.

ಆದರೆ ಆ ಸೌಲಭ್ಯಕ್ಕೆ ತೆತ್ತ ಬೆಲೆಯಲ್ಲಿ 1996ರ ಆಗಸ್ಟ್ 29ನ್ನು ಬಿಡುವಂತಿಲ್ಲ. ಮಾಸ್ಕೊದಿಂದ ಬಂದ ವ್ನುಕೊವೊ ಏರ್‌ಲೈನ್ಸ್‌ನ ಟುಪೊಲೆವ್ 154, ಮೋಡ ಕವಿದ ಬೆಳಗ್ಗೆ ಇಳಿಯುವ ಸಾಲಿನಿಂದ ಬಲಕ್ಕೆ ಸರಿದು ಒಪೆರಾ ಬೆಟ್ಟದ ನೆತ್ತಿಗೆ ಬಡಿಯಿತು. ನಿಲ್ದಾಣ ಇನ್ನು ಹದಿನಾಲ್ಕೇ ಕಿಲೋಮೀಟರ್ ದೂರವಿತ್ತು. ವಿಮಾನದಲ್ಲಿದ್ದ 141 ಮಂದಿಯೂ ತೀರಿಕೊಂಡರು. ಹೆಚ್ಚಿನವರು ಗಣಿಯಲ್ಲಿ ದುಡಿಯುವ ರಷ್ಯನ್ನರು, ಉಕ್ರೇನಿಯನ್ನರು ಮತ್ತು ಅವರ ಮನೆಯವರು, ಮಕ್ಕಳೂ ಇದ್ದರು. ನಾರ್ವೆಯ ನೆಲದಲ್ಲಿ ನಡೆದ ಅತಿ ದೊಡ್ಡ ವಿಮಾನ ದುರಂತ ಇಂದಿಗೂ ಅದೇ.

ಹೆರಿಗೆಗೆ ಸಮುದ್ರ ದಾಟಬೇಕು

ಲಾಂಗ್‌ಇಯರ್‌ಬೀನ್‌ನಲ್ಲಿ ಆಸ್ಪತ್ರೆ ಇದೆ. ಅದು ಟ್ರೊಮ್ಸೊದ ವಿಶ್ವವಿದ್ಯಾಲಯ ಆಸ್ಪತ್ರೆಯ ಒಂದು ಘಟಕ. ತುರ್ತು ಚಿಕಿತ್ಸೆ ಸಿಗುತ್ತದೆ, ಹೆರಿಗೆಗೆ ವ್ಯವಸ್ಥೆ ಇಲ್ಲ. ದಿನ ತುಂಬಲು ಸುಮಾರು ಮೂರು ವಾರ ಇರುವಾಗಲೇ ಬಸುರಿಯರು ಮುಖ್ಯಭೂಮಿಗೆ ಹೊರಡಬೇಕು. ದೊಡ್ಡ ಶಸ್ತ್ರಚಿಕಿತ್ಸೆಯಾದರೂ ಅಷ್ಟೆ, ಆಂಬುಲೆನ್ಸ್ ವಿಮಾನವೇ ಗತಿ.

ಆ ನೂರು ನಿಮಿಷದ ತೂಕ ತಿಳಿಯುವುದು ಇಲ್ಲಿ. ಪ್ರವಾಸಿಗನಿಗೆ ಅದು ಒಂದು ನಿದ್ದೆಯ ಅವಧಿ. ಹೃದಯಾಘಾತವಾದವನ ಮನೆಯವರಿಗೆ ಅದರ ಜೊತೆಗೆ ವಿಮಾನ ಬರುವ ಹೊತ್ತು, ಗಾಳಿ ತಗ್ಗುವ ಹೊತ್ತು, ಮಂಜು ಸರಿಯುವ ಹೊತ್ತು ಎಲ್ಲ ಸೇರುತ್ತದೆ. ಒಂದು ಊರನ್ನು ‘ದುರ್ಗಮ’ ಎಂದು ಕರೆಯುವಾಗ ಕಿಲೋಮೀಟರ್ ಎಣಿಸುವುದಕ್ಕಿಂತ, ಮೊದಲನೆಯ ದಾರಿ ಮುಚ್ಚಿದರೆ ಎರಡನೆಯದು ಇದೆಯೇ ಎಂದು ಕೇಳುವುದೇ ಸರಿ ಅನಿಸುತ್ತದೆ ನನಗೆ.

> ವೀಸಾ ಬೇಡದ ನೆಲ, ಆದರೂ ಪಾಸ್‌ಪೋರ್ಟ್ ಬೇಕು
>
> ಸ್ವಾಲ್ಬಾರ್ಡ್ ಷೆಂಗನ್ ವಲಯದ ಹೊರಗಿದೆ. ಓಸ್ಲೊ ಕಡೆಯಿಂದ ಬರುವ ವಿಮಾನ ಟ್ರೊಮ್ಸೊದಲ್ಲಿ ನಿಂತರೆ ಪ್ರಯಾಣಿಕರು ಇಳಿದು ಪಾಸ್‌ಪೋರ್ಟ್ ತೋರಿಸಿ ಮತ್ತೆ ಹತ್ತಬೇಕು.
>
> ಸ್ವಾಲ್ಬಾರ್ಡ್‌ಗೆ ಯಾವ ದೇಶದವರಿಗೂ ವೀಸಾ ಬೇಕಿಲ್ಲ. ಆದರೆ ನಾರ್ವೆಯ ಮೂಲಕವೇ ಹೋಗಿ ಬರಬೇಕಾದ್ದರಿಂದ ಭಾರತೀಯರಿಗೆ ಎರಡು ಬಾರಿ ಪ್ರವೇಶ ಕೊಡುವ ಷೆಂಗನ್ ವೀಸಾ ಅಗತ್ಯ. ಒಂದೇ ಪ್ರವೇಶದ ವೀಸಾ ಇದ್ದರೆ ಮರಳುವಾಗ ತೊಡಕು.
>
> ಊರಿನ ಗಡಿ ದಾಟಿದರೆ ಹಿಮಕರಡಿಯ ಭಯ. ಅದನ್ನು ಬೆದರಿಸಿ ಓಡಿಸುವ ಸಾಧನ ಜೊತೆಗಿರುವುದು ಕಡ್ಡಾಯ.

ಮುಂದಿನ 109 ಕಿಲೋಮೀಟರ್

ಭಾರತದ ದಾರಿ ಲಾಂಗ್‌ಇಯರ್‌ಬೀನ್‌ನಲ್ಲಿ ಮುಗಿಯುವುದಿಲ್ಲ. ‘ನೋರ್ಗೆ’ ಹೊರಟ ಅದೇ ನೀ-ಓಲೆಸುಂಡ್‌ನಲ್ಲಿ 2008ರ ಜುಲೈ 1ರಿಂದ ಭಾರತದ ಆರ್ಕ್ಟಿಕ್ ಸಂಶೋಧನಾ ಕೇಂದ್ರ ‘ಹಿಮಾದ್ರಿ’ ಕೆಲಸ ಮಾಡುತ್ತಿದೆ. 1962ರಲ್ಲಿ 21 ಮಂದಿಯನ್ನು ಬಲಿ ತೆಗೆದುಕೊಂಡ ಸ್ಫೋಟದ ನಂತರ ಅಲ್ಲಿನ ಗಣಿ ನಿಂತು, ಊರು ವಿಜ್ಞಾನಿಗಳ ಪಾಲಾಯಿತು. ವಾಯುನೌಕೆಯನ್ನು ಕಟ್ಟಿದ್ದ ಉಕ್ಕಿನ ಕಂಬ ಇನ್ನೂ ಅಲ್ಲೇ ನಿಂತಿದೆ.

ಎರಡು ಊರುಗಳ ನಡುವೆ ರಸ್ತೆ ಇಲ್ಲ. ಚಿಕ್ಕ ವಿಮಾನಕ್ಕೆ 25 ನಿಮಿಷದ ಹಾರಾಟ. ತಲುಪುವ ರನ್‌ವೇ ಜಲ್ಲಿಯದ್ದು, ಉದ್ದ ಸುಮಾರು 800 ಮೀಟರ್. ಆಸನಗಳು ಅಲ್ಲಿ ಕೆಲಸವಿರುವವರಿಗೆ ಮಾತ್ರ. ವರ್ಷಗಳಿಂದ ಈ ದಾರಿಯಲ್ಲಿ ಹಾರುತ್ತ ಬಂದದ್ದು ಎರಡು ಎಂಜಿನ್‌ಗಳ ಡಾರ್ನಿಯರ್ 228. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇರುವ ಎಚ್‌ಎಎಲ್ ತನ್ನ ಕಾನ್ಪುರದ ಕಾರ್ಖಾನೆಯಲ್ಲಿ 1980ರ ದಶಕದಿಂದ ಪರವಾನಗಿ ಪಡೆದು ತಯಾರಿಸುತ್ತಿರುವುದು ಇದೇ ಮಾದರಿಯನ್ನು.

ಮೊದಲ ಹದಿನೈದು ವರ್ಷ ನಮ್ಮವರು ಹಿಮಾದ್ರಿಗೆ ಹೋಗುತ್ತಿದ್ದದ್ದು ಬೆಳಕಿರುವ ತಿಂಗಳುಗಳಲ್ಲಿ. 2023ರ ಡಿಸೆಂಬರ್‌ನಲ್ಲಿ ಮೊದಲ ಸಲ ಧ್ರುವರಾತ್ರಿಯ ತಂಡ ಹೊರಟಿತು. ಆ ತಂಡದಲ್ಲಿ ಪಾಲ್ಗೊಂಡ ಸಂಸ್ಥೆಗಳಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯೂ ಒಂದು. ಬ್ರಹ್ಮಾಂಡದ ಬಾಲ್ಯದಿಂದ ಬರುವ ಅತಿ ಕ್ಷೀಣ ರೇಡಿಯೊ ಸಂಕೇತಗಳನ್ನು ಹಿಡಿಯಲು ಮನುಷ್ಯರ ರೇಡಿಯೊ ಗದ್ದಲವಿಲ್ಲದ ಜಾಗ ಬೇಕು. ಸ್ವಾಲ್ಬಾರ್ಡ್ ಅದಕ್ಕೆ ತಕ್ಕುದೇ ಎಂದು ಅಳೆಯುವುದು ಅವರ ಕೆಲಸವಾಗಿತ್ತು.

ಜಾಗವೇನೋ ಸರಿಯಾದದ್ದೇ. ನೀ-ಓಲೆಸುಂಡ್‌ನ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ರೇಡಿಯೊ ಮೌನದ ನಿಯಮವಿದೆ. ದೂರದ ರೇಡಿಯೊ ಮೂಲಗಳನ್ನು ಆಲಿಸುತ್ತ ಭೂಮಿಯ ಚಲನೆಯನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುವ ವೀಕ್ಷಣಾಲಯ ಅಲ್ಲಿದೆ, ಅದಕ್ಕಾಗಿ ವೈ–ಫೈ ಮತ್ತು ಬ್ಲೂಟೂತ್ ಬಂದ್.

ಕರಗುವ ನೆಲ

ಲಾಂಗ್‌ಇಯರ್‌ಬೀನ್ ನಿಲ್ದಾಣದಿಂದ ಕಣ್ಣು ಹಾಯಿಸಿದರೆ ಬೆಟ್ಟದ ಮೈಯಿಂದ ಕಾಂಕ್ರೀಟಿನ ಬೆಣೆಯೊಂದು ಹೊರಚಾಚಿರುವುದು ಕಾಣುತ್ತದೆ. 2008ರಲ್ಲಿ ತೆರೆದ ಜಾಗತಿಕ ಬೀಜ ಭಂಡಾರ ಅದು. ಹನ್ನೆರಡು ಲಕ್ಷಕ್ಕೂ ಹೆಚ್ಚು ಬೀಜದ ಮಾದರಿಗಳು ಅಲ್ಲಿ ಮೈನಸ್ 18 ಡಿಗ್ರಿಯಲ್ಲಿವೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಸ್ಥೆ ತನ್ನ ಸಂಗ್ರಹದ ಪ್ರತಿಗಳನ್ನು ಅಲ್ಲಿಟ್ಟಿದೆ. ನಮ್ಮ ಒಣಭೂಮಿಯ ಜೋಳ, ರಾಗಿ, ತೊಗರಿಗಳೆಲ್ಲ ಅದರ ಬೆಳೆಗಳೇ. ಭಂಡಾರಕ್ಕೆ ಈ ಜಾಗ ಆರಿಸಲು ಎರಡು ಕಾರಣ: ಹೆಪ್ಪುನೆಲದ ಚಳಿ ಮತ್ತು ಪಕ್ಕದಲ್ಲೇ ಇರುವ ರನ್‌ವೇ.

ಎರಡೂ ಕಾರಣಗಳು ಈಗ ಅಲುಗಾಡುತ್ತಿವೆ. 2016ರ ಅಕ್ಟೋಬರಿನಲ್ಲಿ ಅಕಾಲದ ಮಳೆ ಮತ್ತು ಬಿಸಿಯಿಂದ ಭಂಡಾರದ ಪ್ರವೇಶ ಸುರಂಗಕ್ಕೆ ನೀರು ನುಗ್ಗಿತು. ಬೀಜಗಳಿಗೆ ತೊಂದರೆಯಾಗಲಿಲ್ಲ, ಆದರೆ ಸುರಂಗವನ್ನು ಮತ್ತೆ ಕಟ್ಟಬೇಕಾಯಿತು. 2020ರ ಜುಲೈ 25ರಂದು ಸ್ವಾಲ್ಬಾರ್ಡ್‌ನಲ್ಲಿ 21.7 ಡಿಗ್ರಿ ಸೆಲ್ಸಿಯಸ್ ಉಷ್ಣತೆ ದಾಖಲಾಯಿತು. ಆ ದಾಖಲೆ ಬರೆದ ಮಾಪಕ ಇದ್ದದ್ದು ಇದೇ ವಿಮಾನ ನಿಲ್ದಾಣದಲ್ಲಿ. 1970ರ ದಶಕದಿಂದ ಈಚೆಗೆ ಇಲ್ಲಿನ ಸರಾಸರಿ ಉಷ್ಣತೆ ಮೂರರಿಂದ ಐದು ಡಿಗ್ರಿ ಏರಿದೆ. ಭೂಮಿಯ ಮೇಲೆ ಇಷ್ಟು ಬೇಗ ಬಿಸಿಯಾಗುತ್ತಿರುವ ಜಾಗಗಳು ಕೆಲವೇ.

1970ರ ದಶಕದಲ್ಲಿ ರನ್‌ವೇ ಕಟ್ಟಿದವರು ಹೆಪ್ಪುನೆಲವನ್ನು ಬಂಡೆಯಷ್ಟೇ ಗಟ್ಟಿಯೆಂದು ನಂಬಿದ್ದರು, ಅಂದಿನ ಚಳಿಗೆ ಆ ನಂಬಿಕೆ ತಪ್ಪೂ ಆಗಿರಲಿಲ್ಲ. ನೆಲದೊಳಗಿನ ಮಂಜುಗಡ್ಡೆ ಕರಗಿದರೆ ಮಣ್ಣು ಕುಸಿಯುತ್ತದೆ, ಮೇಲಿನ ಡಾಂಬರು ಅಲೆಯೇಳುತ್ತದೆ. ಅದಕ್ಕೇ ಬೇಸಿಗೆಯಲ್ಲಿ ರನ್‌ವೇಯನ್ನು ದಿನವೂ ಪರೀಕ್ಷಿಸುತ್ತಾರೆ. ಕುಸಿದಲ್ಲಿ ಅಗೆದು, ಶಾಖ ಇಳಿಯದಂತೆ ಪದರ ಹಾಸಿ, ಮತ್ತೆ ಡಾಂಬರು ಹಾಕುತ್ತಾರೆ. ಈ ಕೆಲಸಕ್ಕೆ ಸಿಗುವುದು ವರ್ಷದಲ್ಲಿ ಕೆಲವೇ ವಾರ. ರನ್‌ವೇ ನಿಂತುಹೋದರೆ ಉಳಿಯುವುದು ಹಡಗು, ಅದಕ್ಕೆ ಟ್ರೊಮ್ಸೊದಿಂದ ಎರಡು ದಿನವಾದರೂ ಬೇಕು.